ಡಿಸ್ಕ್ ಅದೇ, ದಾರಿ ಮಾತ್ರ ಬೇರೆ

ಏಳು ತಿಂಗಳಿಂದ ಇನ್ಶೂರೆನ್ಸ್ ಕಂಪನಿಯ ಒಂದು ಪತ್ರ ನನ್ನ ಮೊಬೈಲಲ್ಲಿದೆ. ಬೆನ್ನುಮೂಳೆಯ ಡಿಸ್ಕ್ ಜಾರಿದ್ದಕ್ಕೆ ಮಾಡುವ ಈ ಚಿಕಿತ್ಸೆಯಿಂದ ಗುಣವಾಗುತ್ತೆ ಅನ್ನೋದಕ್ಕೆ ಸಾಕಷ್ಟು ವೈದ್ಯಕೀಯ ದಾಖಲೆ ಇಲ್ಲವಂತೆ, ಹಾಗಾಗಿ ದುಡ್ಡು ಕೊಡೋದಿಲ್ಲವಂತೆ. ಆ ಚಿಕಿತ್ಸೆ ಮಾಡಿಸಿಕೊಂಡ ನಾನು ಇವತ್ತು ಬೆಳಿಗ್ಗೆ ನಡೆದು ಹೋಗಿ ಹಾಲು ತಂದು, ಕುರ್ಚಿಯಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ.

ಶಿವಮೊಗ್ಗದಲ್ಲಿ ನನ್ನದೊಂದು ಸಣ್ಣ ಪ್ರಿಂಟಿಂಗ್ ಪ್ರೆಸ್. ಲಗ್ನಪತ್ರಿಕೆ, ಬಿಲ್ ಬುಕ್, ಎಲೆಕ್ಷನ್ ಬಂದರೆ ಕರಪತ್ರ. ಪೇಪರ್ ಬಂಡಲ್ ಎತ್ತಿ ಎತ್ತಿ ಸೊಂಟ ಹಿಡಿಯೋದು ನಮ್ಮ ಕಸುಬಲ್ಲಿ ಮಾಮೂಲು, ಅದನ್ನು ಕಾಯಿಲೆ ಅಂತ ಯಾರೂ ಲೆಕ್ಕಕ್ಕೇ ಇಟ್ಟುಕೊಳ್ಳೋದಿಲ್ಲ. ಕಳೆದ ವರ್ಷ ಲಗ್ನದ ಸೀಸನ್ನಿನಲ್ಲಿ ಒಂದು ಬಂಡಲ್ ಎತ್ತಿ ಪಕ್ಕಕ್ಕೆ ತಿರುಗಿದೆ, ಅಷ್ಟೇ. ಸೊಂಟದಿಂದ ಎಡಗಾಲಿನ ಹೆಬ್ಬೆರಳಿನವರೆಗೂ ಕರೆಂಟು ಹೊಡೆದ ಹಾಗಾಯಿತು. ಎಣ್ಣೆ ತಿಕ್ಕಿದ್ದಾಯಿತು, ನಾಟಿ ಔಷಧಿ ಆಯಿತು, ಆರು ವಾರ ಫಿಸಿಯೋಥೆರಪಿ ಆಯಿತು. ಒಂದು ಸಂಜೆ ಅಂಗಡಿಯಿಂದ ಮನೆಗೆ ಬಂದಾಗ ಹೆಂಡತಿ ಕೇಳಿದಳು, "ರೀ, ಇನ್ನೊಂದು ಚಪ್ಪಲಿ ಎಲ್ಲಿ?" ಎಡಗಾಲಿನ ಚಪ್ಪಲಿ ದಾರಿಯಲ್ಲೆಲ್ಲೋ ಜಾರಿ ಬಿದ್ದಿತ್ತು. ನನಗೆ ಗೊತ್ತೇ ಆಗಿರಲಿಲ್ಲ.

ಎಂಆರ್‌ಐನಲ್ಲಿ ಎಲ್4-ಎಲ್5 ಡಿಸ್ಕ್ (ಸೊಂಟದ ಎರಡು ಮೂಳೆಗಳ ನಡುವಿನ ಮೆತ್ತನೆಯ ಬಿಲ್ಲೆ) ಜಾರಿ ನರ ಒತ್ತುತ್ತಿರೋದು ಕಂಡಿತು. ಬೆಂಗಳೂರಿನ ಡಾಕ್ಟರು ಎರಡು ದಾರಿ ಹೇಳಿದರು. ಒಂದು, ಹಳೆಯದು: ಬೆನ್ನ ಹಿಂದೆ ಕೊಯ್ದು, ಸ್ನಾಯು ಸರಿಸಿ, ಒಂದಿಷ್ಟು ಮೂಳೆ ಕೆರೆದು ಒಳಗೆ ಹೋಗೋದು. ಇನ್ನೊಂದು ಎಂಡೋಸ್ಕೋಪಿಕ್: ಸೊಂಟದ ಪಕ್ಕದಲ್ಲಿ ಸುಮಾರು ಎಂಟು ಮಿಲಿಮೀಟರ್ ತೂತು, ಅದರಲ್ಲೊಂದು ಕೊಳವೆ, ಕ್ಯಾಮೆರಾ, ನರದ ಪಕ್ಕ ಸಹಜವಾಗೇ ಇರುವ ಸಂದಿಯೊಳಗೆ ನುಗ್ಗಿ ಜಾರಿದ ಚೂರನ್ನು ಕಿತ್ತು ತೆಗೆಯೋದು. ಆ ಸಂದಿಗೆ ಕ್ಯಾಂಬಿನ್ ತ್ರಿಕೋನ ಅಂತ ಹೆಸರಂತೆ. ಪೂರ್ತಿ ಅರಿವಳಿಕೆ ಕೊಡೋದಿಲ್ಲ, ಎಚ್ಚರ ಇರಬೇಕು, ನರಕ್ಕೆ ತಾಗಿದರೆ "ಡಾಕ್ಟ್ರೇ, ಕಾಲಿಗೆ ಬಂತು" ಅಂತ ನಾವೇ ಹೇಳಬೇಕು. ಎಲ್ಲರ ಡಿಸ್ಕಿಗೂ ಇದು ಆಗೋದಿಲ್ಲ, ನಿಮ್ಮದಕ್ಕೆ ಆಗುತ್ತೆ ಅಂದರು. ಪ್ರೆಸ್ ಎರಡು ತಿಂಗಳು ಮುಚ್ಚಿದರೆ ನಮ್ಮ ಮನೆ ನಡೆಯೋದಿಲ್ಲ. ಎರಡನೆಯದಕ್ಕೇ ಹೂಂ ಅಂದೆ.

ಪಾಲಿಸಿ 2021ರದ್ದು, ಐದು ಲಕ್ಷದ್ದು, ಒಂದು ವರ್ಷವೂ ತಪ್ಪದೆ ಕಟ್ಟಿದ್ದೇನೆ. ಡಿಸ್ಕಿನ ತೊಂದರೆಗೆ ಎರಡು ವರ್ಷ ಕಾಯಬೇಕು ಅಂತ ಬರೆದಿತ್ತು, ಕಾದಿದ್ದೆ. ಏಜೆಂಟ್ ಹುಡುಗ "ಅಣ್ಣ, ಕ್ಯಾಶ್‌ಲೆಸ್, ಆಸ್ಪತ್ರೆಗೆ ಕಂಪನಿಯೇ ಕಟ್ಟುತ್ತೆ, ನೀವು ಸುಮ್ನೆ ಹೋಗಿ ಮಲಗಿಕೊಳ್ಳಿ" ಅಂದಿದ್ದ.

ಇನ್ಶೂರೆನ್ಸ್ ಕಂಪನಿಗಳ ಮೇಲೆ ಕಣ್ಣಿಡುವ ಸರ್ಕಾರಿ ಸಂಸ್ಥೆ ಐಆರ್‌ಡಿಎಐ 2024ರಲ್ಲಿ ಒಂದು ನಿಯಮ ಮಾಡಿದೆ, ಕ್ಯಾಶ್‌ಲೆಸ್ ಅರ್ಜಿಗೆ ಒಂದು ಗಂಟೆಯೊಳಗೆ ತೀರ್ಮಾನ ಹೇಳಬೇಕು. ನನಗೂ ಒಂದು ಗಂಟೆಯೊಳಗೇ ಉತ್ತರ ಬಂತು. ಉತ್ತರ ಏನು ಅಂದರೆ, ಒಂದು ಪ್ರಶ್ನೆ! ನೋವು ಯಾವಾಗಿನಿಂದ? ಯಾಕೆ ಈ ಪ್ರಶ್ನೆ ಬಂತು ಅಂದರೆ, ಆಸ್ಪತ್ರೆಯ ಡ್ಯೂಟಿ ಡಾಕ್ಟರ್ ಕೇಸ್ ಶೀಟಿನಲ್ಲಿ "ಹಲವು ವರ್ಷಗಳಿಂದ ಆಗಾಗ ಸೊಂಟ ನೋವು" ಅಂತ ಬರೆದಿದ್ದರು. ಪಾಪ, ನಾನೇ ಹೇಳಿದ್ದು, ಅವರು ಬರೆದುಕೊಂಡರು. ಆ "ಆಗಾಗ" ಅನ್ನೋ ಒಂದು ಪದಕ್ಕೆ ಮೂರು ದಿನ ಹೋಯಿತು. ಪಾಲಿಸಿಗೂ ಮೊದಲೇ ಇದ್ದ ಕಾಯಿಲೆ ಇರಬಹುದು ಅಂತ ಅವರ ಅನುಮಾನ. ಪಾಲಿಸಿ ತಗೊಳ್ಳೋ ಮೊದಲಿನ ಮೂರು ವರ್ಷದಲ್ಲಿ ಡಾಕ್ಟರ್ ಗುರುತಿಸಿದ್ದು, ಇಲ್ಲಾ ಚಿಕಿತ್ಸೆ ಕೊಟ್ಟದ್ದು ಅಥವಾ ಹೇಳಿದ್ದು ಮಾತ್ರ ಮೊದಲೇ ಇದ್ದ ಕಾಯಿಲೆ, ಬಂಡಲ್ ಎತ್ತಿ ಸೊಂಟ ಹಿಡಿದದ್ದಲ್ಲ. ಇದನ್ನು ಟಿಪಿಎಗೆ, ಅಂದರೆ ಕಂಪನಿಯ ಪರವಾಗಿ ಕ್ಲೇಮ್ ನೋಡುವವರಿಗೆ, ತಿಳಿಸಿ ಹೇಳೋಕೆ ಆಸ್ಪತ್ರೆಯಿಂದ ಇನ್ನೊಂದು ಪತ್ರ ಬೇಕಾಯಿತು. ನೀವು ಆಸ್ಪತ್ರೆಗೆ ಸೇರುವಾಗ ಹಿಸ್ಟರಿ ಹೇಳೋದಿದ್ದರೆ ಸುಳ್ಳು ಹೇಳಬೇಡಿ, ಆದರೆ ಬರೆದದ್ದನ್ನು ಒಮ್ಮೆ ಓದಿ ನೋಡಿ. ನಾನು ಓದಿರಲಿಲ್ಲ.

ಅದು ಮುಗಿಯಿತು ಅನ್ನುವಷ್ಟರಲ್ಲಿ ನಿರಾಕರಣೆ ಬಂತು. ಎಕ್ಸ್‌ಕ್ಲೂಷನ್ 16, ಅಂದರೆ ಪಾಲಿಸಿ ದುಡ್ಡು ಕೊಡದ ಸಂಗತಿಗಳಲ್ಲೊಂದು: ಸಾಬೀತಾಗದ ಚಿಕಿತ್ಸೆ. ಫೋನ್ ಮಾಡಿದರೆ ಆ ಕಡೆಯವರು ಹೇಳಿದ್ದು, "ಸರ್, ಓಪನ್ ಸರ್ಜರಿ ಆದರೆ ಅಪ್ರೂವ್ ಆಗುತ್ತೆ. ಇದು ಆಧುನಿಕ ಚಿಕಿತ್ಸೆಗಳ ಪಟ್ಟಿಯಲ್ಲಿಲ್ಲ."

ನನ್ನ ಜಗಳ ಇಲ್ಲೇ. ಆ ಪಟ್ಟಿ 2019ರದ್ದು, ಐಆರ್‌ಡಿಎಐ ಮಾಡಿದ್ದು, ಅದರಲ್ಲಿ 12 ಚಿಕಿತ್ಸೆಗಳಿವೆ. ರೋಬೋಟಿಕ್ ಸರ್ಜರಿ ಇದೆ, ಬಾಯಲ್ಲಿ ನುಂಗುವ ಕೀಮೋ ಇದೆ, ಕಣ್ಣಿನೊಳಗೆ ಕೊಡುವ ಇಂಜೆಕ್ಷನ್ ಇದೆ, ಆಪರೇಷನ್ ನಡೆಯುವಾಗ ನರ ಸರಿಯಾಗಿದೆಯಾ ಅಂತ ನೋಡುತ್ತಿರುವ ಮಾನಿಟರಿಂಗ್ ಕೂಡ ಇದೆ, ಅದನ್ನು ಬೆನ್ನುಮೂಳೆ ಆಪರೇಷನ್ನಿಗೆ ಬಳಸುತ್ತಾರೆ. ಕಂಪನಿಗಳು ಇವನ್ನು ಹೊರಗಿಡುವ ಹಾಗಿಲ್ಲ, ಬೇಕಾದರೆ ಮಿತಿ ಹಾಕಿಕೊಳ್ಳಲಿ ಅಂತ ಆ ನಿಯಮ. ಇವಿಷ್ಟನ್ನು ಬಿಟ್ಟು ಬೇರೆ ಯಾವುದನ್ನೂ ಕೊಡಬೇಡಿ ಅಂತ ಅದರಲ್ಲಿ ಎಲ್ಲಿದೆ? ಮದುವೆ ಊಟಕ್ಕೆ ಈ 12 ಜನರನ್ನು ಬಿಡದೆ ಕರೆಯಿರಿ ಅಂತ ಮನೆಯ ಹಿರಿಯರು ಹೇಳಿದರೆ, ಹದಿಮೂರನೆಯವನು ಬಾಗಿಲಿಗೆ ಬಂದಾಗ ಕತ್ತು ಹಿಡಿದು ದಬ್ಬಿ ಅಂತ ಅರ್ಥವಾ? ಜನರ ಕೈ ಬಲಪಡಿಸೋಕೆ ಮಾಡಿದ ಪಟ್ಟಿಯನ್ನೇ ಜನರ ಮುಖಕ್ಕೆ ಹಿಡಿಯುತ್ತಾರೆ.

ಇನ್ನು ಸಾಬೀತಾಗದ್ದು ಅನ್ನೋ ಮಾತು. ಡಿಸ್ಕಿಗೆ ಈ ಎಂಡೋಸ್ಕೋಪಿಕ್ ಆಪರೇಷನ್ 1990ರ ದಶಕದಿಂದಲೂ ನಡೆಯುತ್ತಿದೆ. ಅಮೆರಿಕದಲ್ಲಿ 2017ರಲ್ಲಿ ಇದಕ್ಕೆ ಪ್ರತ್ಯೇಕ ಬಿಲ್ಲಿಂಗ್ ಕೋಡೇ ಬಂತು, 62380 ಅಂತ. (ಅಲ್ಲಿರುವ ನನ್ನ ಭಾವ "ಕೋಡ್ ಇದ್ದರೂ ಇಲ್ಲೂ ಗೋಳು ತಪ್ಪಿಲ್ಲ ಕಣಯ್ಯ" ಅಂದರು, ಅದು ಬೇರೆ ಮಾತು.) ಅದೇ ಡಿಸ್ಕ್, ಅದೇ ನರ, ತೆಗೆಯೋದೂ ಅದೇ ಚೂರು. ಹಿಂಬಾಗಿಲಿಂದ ಹೋದರೆ ದುಡ್ಡು ಉಂಟು, ಪಕ್ಕದ ಸಂದಿಯಿಂದ ಹೋದರೆ ಇಲ್ಲ!

ಕಾಲಿನ ಶಕ್ತಿ ಕಡಿಮೆಯಾಗುತ್ತಿತ್ತು, ಕಾಯೋ ಹಾಗಿರಲಿಲ್ಲ. ಹೆಂಡತಿಯ ಸರ ಬ್ಯಾಂಕಿಗೆ ಹೋಯಿತು. ಒಟ್ಟು ಬಿಲ್ಲು 1,85,000. ಆಪರೇಷನ್ ಆದ ಸಂಜೆಯೇ ನಡೆದೆ, ಡಾಕ್ಟರ್ ಮನೆಗೆ ಹೋಗಬಹುದು ಅಂದರು. ಇನ್ಶೂರೆನ್ಸ್ ಡೆಸ್ಕಿನ ಹುಡುಗಿ ಓಡಿ ಬಂದು, "ಸರ್, ಕಟ್ಟಿದ ದುಡ್ಡು ವಾಪಸ್ ಕೇಳೋಕೆ ಮುಂದೆ ರೀಇಂಬರ್ಸ್‌ಮೆಂಟ್ ಹಾಕಬೇಕಲ್ವಾ, 24 ಗಂಟೆ ಆಗೋವರೆಗೂ ಇದ್ದುಬಿಡಿ" ಅಂದಳು. ತಂತ್ರಜ್ಞಾನ ಮುಂದುವರಿದದ್ದರಿಂದ ಬೇಗ ಮುಗಿಯುವ ಚಿಕಿತ್ಸೆಗೆ ಡೇ ಕೇರ್ ಅಂತ ಇದೆ, ಅದಕ್ಕೆ ಈ 24 ಗಂಟೆಯ ಕಟ್ಟು ಇಲ್ಲ. ಆದರೂ ಯಾಕೆ ರಿಸ್ಕು ಅಂತ ಉಳಿದೆ. ಕಂಪನಿ ಕೊಡಲಿ ಅಂತ ನನ್ನ ದುಡ್ಡಲ್ಲಿ ಒಂದು ರಾತ್ರಿ ಜಾಸ್ತಿ ಮಲಗಿದೆ, ಕಂಪನಿ ಆ ರಾತ್ರಿಯದ್ದನ್ನೂ ಕೊಡಲಿಲ್ಲ.

ಆಮೇಲೆ ಬರೀ ಕಾಗದದ ಕೆಲಸ. ಕಂಪನಿಯ ದೂರು ವಿಭಾಗಕ್ಕೆ ಡಾಕ್ಟರ ಪತ್ರ, ಎಂಆರ್‌ಐ, ಮೂರು ವೈದ್ಯಕೀಯ ಲೇಖನಗಳ ಪ್ರತಿ ಕಳಿಸಿದೆ. ಕ್ಲೇಮ್ ತಿರಸ್ಕರಿಸೋ ಮೊದಲು ಅವರದೇ ಸಮಿತಿ ಪರಿಶೀಲಿಸಿ ಒಪ್ಪಬೇಕು ಅಂತಲೂ 2024ರ ನಿಯಮದಲ್ಲಿದೆ. ಆ ಸಮಿತಿ ಏನು ನೋಡಿತು, ಬರೆದು ಕೊಡಿ ಅಂತ ಕೇಳಿದೆ. "ಸಮಿತಿ ಪರಿಶೀಲಿಸಿದೆ" ಅಂತ ಒಂದು ಸಾಲು ಬಂತು. ಐಆರ್‌ಡಿಎಐನ ದೂರು ಕೊಡುವ ಬಿಮಾ ಭರೋಸಾ ಪೋರ್ಟಲ್‌ನಲ್ಲಿ ಹಾಕಿದೆ, ಅಲ್ಲೂ ಅದೇ ಸಾಲು.

ಈಗ ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್ ಕಚೇರಿಗೆ ಕೊಟ್ಟಿದ್ದೇನೆ. ಕಂಪನಿ-ಗ್ರಾಹಕರ ತಕರಾರು ತೀರಿಸುವ ಈ ಕಚೇರಿ ಜಾಸ್ತಿ ಜನಕ್ಕೆ ಗೊತ್ತಿಲ್ಲ, ಅದಕ್ಕೇ ಹೇಳುತ್ತಿದ್ದೇನೆ. ಫೀಸು ಇಲ್ಲ, ವಕೀಲರು ಬೇಡ, 50 ಲಕ್ಷದವರೆಗಿನ ತಕರಾರು ಕೇಳುತ್ತಾರೆ. ಮೊದಲು ಕಂಪನಿಗೆ ಬರೆದಿರಬೇಕು, ಅವರು ಇಲ್ಲ ಅಂದರೆ ಅಥವಾ ಒಂದು ತಿಂಗಳು ಸುಮ್ಮನಿದ್ದರೆ ಹೋಗಬಹುದು, ಒಂದು ವರ್ಷದೊಳಗೆ ಹೋಗಬೇಕು. ಫೋನಲ್ಲಿ ಹೇಳಿದ್ದಕ್ಕೆ ಅಲ್ಲಿ ಬೆಲೆ ಇಲ್ಲ, ಎಲ್ಲವನ್ನೂ ಇಮೇಲ್‌ನಲ್ಲೇ ಮಾತಾಡಿ.

ಇದರ ನಡುವೆ ರಿನ್ಯೂವಲ್ ಬಂತು. 2025ರ ಸೆಪ್ಟೆಂಬರ್‌ನಿಂದ ಪ್ರೀಮಿಯಂ ಮೇಲಿನ ಜಿಎಸ್‌ಟಿ ತೆಗೆದಿದ್ದಾರೆ, ಸಂತೋಷ. ಬಿಟ್ಟುಬಿಡೋಣ ಅನಿಸಿತ್ತು. ಬಿಟ್ಟರೆ ಇಷ್ಟು ವರ್ಷ ಕಾದಿದ್ದೆಲ್ಲ ಹೋಗುತ್ತೆ, ಆಪರೇಷನ್ ಆದ ಬೆನ್ನು ಇಟ್ಟುಕೊಂಡು ಹೊಸ ಪಾಲಿಸಿ ಕೇಳಿದರೆ ಯಾರು ಕೊಡುತ್ತಾರೆ? ಕಟ್ಟಿದೆ. ಕಟ್ಟಿದ ಎರಡು ನಿಮಿಷಕ್ಕೆ ಮೆಸೇಜ್ ಬಂತು, ಧನ್ಯವಾದ, ನಿಮ್ಮ ಕುಟುಂಬ ಈಗ ಸುರಕ್ಷಿತ ಅಂತ. ಹೆಂಡತಿಗೆ ತೋರಿಸಿದೆ. ಅವಳು ಓದಿ ಬರಿಗೊರಳು ಮುಟ್ಟಿಕೊಂಡು ನಕ್ಕಳು.