ಅತ್ತಿಗೆಯ ರಿಪೋರ್ಟು ಮತ್ತು ಮೊಬೈಲಿನ ಬೀಗ

ಹೋದ ತಿಂಗಳು ನಮ್ಮ ಅತ್ತಿಗೆಗೆ ಎದೆಯಲ್ಲಿ ಸಣ್ಣ ಗಂಟು ಕಾಣಿಸಿತು. ಕುಮಟಾದಲ್ಲಿ ಸ್ಕ್ಯಾನಿಂಗ್ ಮಾಡಿಸಿದೆವು. ರಿಪೋರ್ಟನ್ನು ಮಣಿಪಾಲದ ಡಾಕ್ಟರಿಗೆ ವಾಟ್ಸಾಪ್ ಮಾಡಬೇಕಿತ್ತು. ಅಡುಗೆಮನೆ ಕಟ್ಟೆ ಮೇಲೆ ಹಾಳೆ ಹರಡಿ, ಮಡಿಕೆ ನೀವಿ, ಫೋಟೊ ಹೊಡೆದೆ. ಕಳಿಸಬೇಕು ಅನ್ನುವಷ್ಟರಲ್ಲಿ ಅತ್ತಿಗೆ ಕೈ ಹಿಡಿದರು. “ತಮಾ, ಇದು ಡಾಕ್ಟ್ರು ಬಿಟ್ಟು ಬೇರೆ ಯಾರಿಗೂ ಕಾಣೂದಿಲ್ಲ ಅಲ್ದಾ?”

ಅಣ್ಣನಿಗೂ ಅವರು ಇನ್ನೂ ಹೇಳಿರಲಿಲ್ಲ.

ಚಾಟ್‌ನಲ್ಲಿದ್ದ ಬೀಗದ ಚಿತ್ರ ತೋರಿಸಿದೆ. ಬೀಗ ಬೀಳುವುದು ನಮ್ಮ ಮೊಬೈಲಿನಲ್ಲಿ, ತೆಗೆಯುವ ಕೀಲಿ ಇರುವುದು ಡಾಕ್ಟರ ಮೊಬೈಲಿನಲ್ಲಿ, ನಡುವೆ ಕಂಪನಿಯವರಿಗೂ ಓದಲು ಬರುವುದಿಲ್ಲ ಅಂದೆ. ಅವರು ಕೈ ಬಿಟ್ಟರು. ನಾನು ಕಳಿಸಿದೆ.

ಸುಳ್ಳು ಸುದ್ದಿ ಹರಡುವವರನ್ನು ಹಿಡಿಯಬೇಕು ಅಂತ ಇದೇ ಬೀಗದ ಮೇಲೆ ಸರ್ಕಾರದ ಕಣ್ಣಿದೆ. 2021ರ ಐಟಿ (ಮಾಹಿತಿ ತಂತ್ರಜ್ಞಾನ) ನಿಯಮಗಳ ಪ್ರಕಾರ, 50 ಲಕ್ಷಕ್ಕಿಂತ ಜಾಸ್ತಿ ಬಳಕೆದಾರರಿರುವ ಮೆಸೇಜಿಂಗ್ ಕಂಪನಿಗಳು, ಆದೇಶ ಬಂದಾಗ ಒಂದು ಮೆಸೇಜನ್ನು ಮೊದಲು ಕಳಿಸಿದವರು ಯಾರು ಅಂತ ಹೇಳಬೇಕು. ಆ ಆದೇಶ ಕೋರ್ಟಿನಿಂದಲೇ ಬರಬೇಕೆಂದಿಲ್ಲ, ಸರ್ಕಾರದ ಅಧಿಕಾರಿಯೂ ಕೊಡಬಹುದು. ವಾಟ್ಸಾಪ್ ಆ ವರ್ಷವೇ ದೆಹಲಿ ಹೈಕೋರ್ಟಿಗೆ ಹೋಯಿತು. ಬೀಗ ಒಡೆಯಿರಿ ಅಂದರೆ ನಾವು ಇಲ್ಲಿ ಇರುವುದಿಲ್ಲ ಅಂತ 2024ರಲ್ಲಿ ಅವರ ವಕೀಲರು ಕೋರ್ಟಿನಲ್ಲೇ ಹೇಳಿದರು.

“ತಪ್ಪು ಮಾಡದವರಿಗೆ ಹೆದರಿಕೆ ಯಾಕೆ?” ಅಂತ ಗೆಳೆಯರು ಕೇಳುತ್ತಾರೆ. ಅತ್ತಿಗೆ ಏನು ತಪ್ಪು ಮಾಡಿದ್ದರು?

ಆದರೆ ಸುಳ್ಳು ಸುದ್ದಿ ಏನು ಮಾಡುತ್ತದೆ ಅಂತ ನಮ್ಮ ಉತ್ತರ ಕನ್ನಡ ಜಿಲ್ಲೆಯವರಿಗೆ ಯಾರೂ ಹೇಳಿಕೊಡಬೇಕಿಲ್ಲ. 2017ರ ಡಿಸೆಂಬರ್‌ನಲ್ಲಿ ಹೊನ್ನಾವರದ ಕೆರೆಯಲ್ಲಿ ಒಬ್ಬ ಹುಡುಗನ ಶವ ಸಿಕ್ಕಿತು. ಹಾಗೆ ಕೊಂದರಂತೆ, ಹೀಗೆ ಕೊಂದರಂತೆ ಅಂತ ಮೆಸೇಜುಗಳು ಓಡಾಡಿದವು. ಕುಮಟಾದಲ್ಲಿ ಪೊಲೀಸ್ ಅಧಿಕಾರಿಯ ಕಾರಿಗೆ ಬೆಂಕಿ ಬಿತ್ತು. ಶಿರಸಿಯಲ್ಲೂ ಗಲಾಟೆ ಆಯಿತು. ಅದು ಆಕಸ್ಮಿಕ ಸಾವು ಅಂತ ಸಿಬಿಐ ವರದಿ ಕೊಟ್ಟಿದ್ದು 2022ರಲ್ಲಿ. ಆ ದಿನಗಳಲ್ಲಿ ನಾವು ಬಾಗಿಲು ಹಾಕಿಕೊಂಡು ಒಳಗೆ ಕೂತವರು. “ಮೊದಲು ಕಳಿಸಿದವನನ್ನು ಹಿಡಿಯಿರಿ” ಅಂತ ನಾನೂ ಅಂದಿದ್ದೆ.

ಈಗ ಹಾಗೆ ಅನ್ನುವುದಿಲ್ಲ. ಆ ನಿಯಮದಲ್ಲೇ ಒಂದು ಮಾತಿದೆ. ಮೊದಲು ಕಳಿಸಿದವರು ಹೊರದೇಶದಲ್ಲಿದ್ದರೆ, ಭಾರತದಲ್ಲಿ ಮೊದಲು ಕಳಿಸಿದವರನ್ನೇ ಮೂಲ ಅಂತ ಹಿಡಿಯಬೇಕಂತೆ. ನಮ್ಮ ಕರಾವಳಿಯಲ್ಲಿ ಎಷ್ಟು ಮನೆಯವರು ಗಲ್ಫ್‌ನಲ್ಲಿಲ್ಲ ಹೇಳಿ? ದುಬೈಯಲ್ಲಿರುವ ತಮ್ಮ ಕಳಿಸಿದ ವಿಡಿಯೊವನ್ನು ಭಟ್ಕಳದ ಅಕ್ಕ “ಇದು ನಿಜವಾ?” ಅಂತ ಕೇಳಲು ಮನೆಯವರ ಗುಂಪಿಗೆ ಹಾಕಿದರೆ, ಕಾಗದದ ಮೇಲೆ ಅವಳೇ ಮೊದಲಿನವಳು. ಮಾಡಿದವನು ಎಲ್ಲೋ ಇರುತ್ತಾನೆ.

ಇನ್ನೊಂದು, ನಾಳೆ ಯಾವ ಮೆಸೇಜಿನ ಮೂಲ ಕೇಳುತ್ತಾರೋ ಯಾರಿಗೆ ಗೊತ್ತು? ಹಾಗಾಗಿ ಇವತ್ತೇ ಪ್ರತಿಯೊಬ್ಬರ ಪ್ರತಿ ಮೆಸೇಜಿಗೂ ಗುರುತು ಹಾಕಿಡಬೇಕಾಗುತ್ತದೆ. ಅತ್ತಿಗೆಯ ರಿಪೋರ್ಟಿಗೂ.

ಪೊಲೀಸರಿಗೆ ಅಂತ ಇಟ್ಟ ಬಾಗಿಲಲ್ಲಿ ಪೊಲೀಸರು ಮಾತ್ರ ಬರುತ್ತಾರೆ ಅನ್ನುವುದೂ ಸುಳ್ಳು. ಅಮೆರಿಕದಲ್ಲಿ ಫೋನ್ ಕದ್ದಾಲಿಕೆಗೆ ಕಂಪನಿಗಳು ವ್ಯವಸ್ಥೆ ಇಟ್ಟಿರಬೇಕು ಅಂತ 1994ರಿಂದ ಕಾನೂನಿದೆ. ಆ ವ್ಯವಸ್ಥೆಯೊಳಗೇ ಚೀನಾದ ಹ್ಯಾಕರ್‌ಗಳು ನುಗ್ಗಿದ್ದು 2024ರಲ್ಲಿ ಹೊರಬಿತ್ತು. ಬೀಗ ಇರುವ ಆ್ಯಪ್ ಬಳಸಿ ಅಂತ ಅಲ್ಲಿನ ಸರ್ಕಾರದವರೇ ಆಮೇಲೆ ಜನರಿಗೆ ಹೇಳಿದರು. ಕಾರವಾರದಲ್ಲಿ ನೌಕಾನೆಲೆ ಇದೆ. ಅಲ್ಲಿ ಕೆಲಸ ಮಾಡುವವರ ಮನೆಮಂದಿ ಬಳಸುವುದೂ ಇವೇ ಆ್ಯಪ್‌ಗಳನ್ನು, ಅಲ್ವಾ?

ಸುಳ್ಳು ಸುದ್ದಿ ತಡೆಯಲು ಮೆಸೇಜಿಗೆ, ವಿಡಿಯೊಗೆ ಲೇಬಲ್ ಹಾಕುವುದಕ್ಕೆ ನನ್ನ ತಕರಾರಿಲ್ಲ. 2018ರಲ್ಲಿ ಮಕ್ಕಳ ಕಳ್ಳರು ಅನ್ನುವ ವದಂತಿ ನಂಬಿ ಬೀದರ್ ಜಿಲ್ಲೆಯಲ್ಲಿ ಹೈದರಾಬಾದಿನ ಯುವಕನೊಬ್ಬನನ್ನು ಹೊಡೆದು ಕೊಂದರು. ವಾಟ್ಸಾಪ್ ‘ಫಾರ್ವರ್ಡ್’ ಅಂತ ಗುರುತು ಹಾಕಲು ಶುರು ಮಾಡಿದ್ದು, ಭಾರತದಲ್ಲಿ ಒಂದು ಸಲಕ್ಕೆ ಐದೇ ಚಾಟ್ ಅಂತ ಮಿತಿ ತಂದಿದ್ದು ಆ ವರ್ಷವೇ. ಅದಕ್ಕೆ ಯಾರ ಮೆಸೇಜನ್ನೂ ಓದಬೇಕಾಗಲಿಲ್ಲ. ಫೇಸ್‌ಬುಕ್, ಯೂಟ್ಯೂಬ್‌ನಲ್ಲಿ ಊರಿಗೆಲ್ಲ ಕಾಣುವ ನಕಲಿ ವಿಡಿಯೊಗೆ ನಕಲಿ ಅಂತ ದಪ್ಪ ಅಕ್ಷರದಲ್ಲಿ ಬರೆಯಲಿ. ಸಂತೆಯಲ್ಲಿ ಕೂಗಿದ್ದಕ್ಕೆ ಲೆಕ್ಕ ಕೇಳಿ. ಮುಚ್ಚಿದ ಪತ್ರ ಒಡೆಯಬೇಡಿ.

ಈ ಬೀಗ ಬೇಕಾದವರು ಇನ್ನೂ ಇದ್ದಾರೆ. 2022ರ ಜುಲೈ ನೆನಪಿದೆಯಲ್ಲ? ಹೊನ್ನಾವರದಿಂದ ಹೊರಟ ಆಂಬುಲೆನ್ಸ್ ಶಿರೂರು ಟೋಲ್‌ನಲ್ಲಿ ಪಲ್ಟಿಯಾಗಿ ನಾಲ್ವರು ಸತ್ತರು. ಜಿಲ್ಲೆಗೊಂದು ಒಳ್ಳೆಯ ಆಸ್ಪತ್ರೆ ಕೊಡಿ ಅಂತ ಎಲ್ಲರೂ ಬರೆದೆವು. ಒಂದು ಆಸ್ಪತ್ರೆಯಲ್ಲಿ ಯಾವ ಮಷೀನ್ ಕೆಟ್ಟಿದೆ, ಯಾವ ಡಾಕ್ಟರ್ ಹುದ್ದೆ ಖಾಲಿ ಇದೆ ಅಂತ ಮೊದಲು ಗೊತ್ತಾಗುವುದು ಒಳಗೆ ದುಡಿಯುವವರಿಗೆ. ಅವರು ಅದನ್ನು ನಂಬಿಕಸ್ತರಿಗೆ ಗುಟ್ಟಾಗಿ ಹೇಳುತ್ತಾರೆ. ಸರ್ಕಾರದ ಲೆಕ್ಕದಲ್ಲಿ ಅವರೂ ‘ಮೊದಲು ಕಳಿಸಿದವರು’. ಹೆಸರು ಸಿಗುತ್ತದೆ ಅಂತ ಗೊತ್ತಾದ ದಿನ ಯಾರು ಬಾಯಿ ಬಿಡುತ್ತಾರೆ?

ಗಂಟು ಅಪಾಯದ್ದಲ್ಲ ಅಂತ ಡಾಕ್ಟರು ಮೂರನೇ ದಿನ ಹೇಳಿದರು. ಆ ಸಂಜೆ ಅತ್ತಿಗೆ ಅವರಾಗಿಯೇ ಅಣ್ಣನಿಗೆ ತಿಳಿಸಿದರು. ಇದನ್ನು ಇಲ್ಲಿ ಹಾಕುವ ಮೊದಲು ಅವರಿಗೆ ಪೂರ್ತಿ ಓದಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ನೆ ಇದ್ದು, “ಹಾಕು” ಅಂದರು.