ಸಂತೋಷ್ ಟ್ರೋಫಿ ಫೈನಲ್ಲು ರಿಯಾದ್‌ಗೆ ಯಾಕೆ ಹೋಗಬೇಕಿತ್ತು?

ರಣಜಿಯಲ್ಲಿ ನಾವು ಎಷ್ಟು ಸಲ ಗೆದ್ದಿದ್ದೇವೆ ಅಂತ ಕೇಳಿದರೆ ಹತ್ತು ಜನ ಉತ್ತರ ಹೇಳ್ತಾರೆ. ಸಂತೋಷ್ ಟ್ರೋಫಿ ಬಗ್ಗೆ ಕೇಳಿ ನೋಡಿ. ರಾಜ್ಯ ರಾಜ್ಯಗಳ ನಡುವಿನ ಫುಟ್ಬಾಲ್ ಟೂರ್ನಿ ಅದು, 1941ರಿಂದ ನಡೀತಿದೆ. ಈಗಿನ ಬಾಂಗ್ಲಾದೇಶದಲ್ಲಿರುವ ಸಂತೋಷ್ ಅನ್ನೋ ಜಮೀನ್ದಾರಿಯ ಮಹಾರಾಜರಿಂದ ಆ ಹೆಸರು ಬಂತು. ಮೊದಲ ಕಪ್ ಬಂಗಾಳಕ್ಕೆ, ದೆಹಲಿ ವಿರುದ್ಧ 5-1. ಆಮೇಲೂ ಜಾಸ್ತಿ ಸಲ ಗೆದ್ದವರು ಅವರೇ.

ಆ ಬಂಗಾಳವನ್ನೇ ನಮ್ಮ ಮೈಸೂರು (ಈಗಿನ ಕರ್ನಾಟಕ) ತಂಡ 1946-47ರ ಫೈನಲ್‌ನಲ್ಲಿ ಸೋಲಿಸಿತು. 1952-53ರಲ್ಲಿ ಮತ್ತೆ. 1967-68ರಲ್ಲಿ ಕಟಕ್‌ನಲ್ಲಿ ಮದ್ರಾಸನ್ನು ಸೋಲಿಸಿ ಕಪ್ ತಂದರು, ಮುಂದಿನ ವರ್ಷ ಮತ್ತೆ ಬಂಗಾಳವೇ ಎದುರಾಳಿ, ಆಗಲೂ ಗೆದ್ದರು. ಕಟಕ್ ಬಿಟ್ಟರೆ ಉಳಿದ ಮೂರೂ ಫೈನಲ್ ನಡೆದದ್ದು ಬೆಂಗಳೂರಿನಲ್ಲೇ, ನಮ್ಮ ಜನರ ಮುಂದೆ.

ಅದೂ ಎಂಥಾ ಕಾಲದಲ್ಲಿ! ಚೆನ್ನಾಗಿ ಆಡುವ ಹುಡುಗ ಕಂಡರೆ ಕೋಲ್ಕತ್ತಾದ ಕ್ಲಬ್‌ಗಳು ಕರೆದುಕೊಂಡು ಹೋಗುತ್ತಿದ್ದ ಕಾಲ. ನಮ್ಮ ಅಹ್ಮದ್ ಖಾನ್ 1949ರಲ್ಲೇ ಈಸ್ಟ್ ಬೆಂಗಾಲ್ ಸೇರಿದರು, ಅಲ್ಲಿ ಐದು ಜನ ಫಾರ್ವರ್ಡ್‌ಗಳಿಗೆ ಪಂಚ ಪಾಂಡವರು ಅಂತಲೇ ಹೆಸರು ಬಿತ್ತು, ಅದರಲ್ಲಿ ಇವರೂ ಒಬ್ಬರು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ನಾವು 2-1ರಿಂದ ಸೋತೆವು, ಎರಡು ಪೆನಾಲ್ಟಿ ಕೈಬಿಟ್ಟೆವು, ಆದರೆ ನಮ್ಮ ಆ ಒಂದೇ ಗೋಲು ಹೊಡೆದದ್ದು ಸಾರಂಗಪಾಣಿ ರಾಮನ್. ಅವರೂ ಮೈಸೂರು ತಂಡದವರೇ. ಇನ್ನು ಈ ಟೂರ್ನಿಯಲ್ಲಿ ಮೂರನೇ ಸ್ಥಾನಕ್ಕೆ ಅಂತ ಇಟ್ಟ ಸಂಪಂಗಿ ಕಪ್ ಕೂಡ ನಮ್ಮದೇ. ಮೈಸೂರಿನ ಆಟಗಾರರೊಬ್ಬರ ನೆನಪಿಗೆ ಕೊಟ್ಟದ್ದು ಅದು. (ಬೆಂಗಳೂರಿನವರು ಸಂಪಂಗಿ ಅಂದ ತಕ್ಷಣ ಕೆರೆ ಅಂದುಕೊಳ್ತಾರೆ, ಅದಲ್ಲ.)

ಆಮೇಲೆ 54 ವರ್ಷ ಒಂದು ಕಪ್ಪೂ ಇಲ್ಲ.

2022ರಲ್ಲಿ ಮಲಪ್ಪುರಂನಲ್ಲಿ ಸೆಮಿಫೈನಲ್‌ಗೆ ಹೋಗಿ ಕೇರಳದ ಕೈಲಿ 7-3 ತಿಂದು ಬಂದೆವು, ಜೆಸಿನ್ ಅನ್ನೋ ಹುಡುಗ ಒಬ್ಬನೇ ಐದು ಹೊಡೆದ. ಆದರೆ ಆ ಸ್ಟೇಡಿಯಂ ನೋಡಬೇಕಿತ್ತು! ಕೇರಳ-ಬಂಗಾಳ ಫೈನಲ್ ದಿನವಂತೂ ಕಾಲಿಡಲು ಜಾಗ ಇರಲಿಲ್ಲ. ಸಂತೋಷ್ ಟ್ರೋಫಿ ಸತ್ತು ಹೋಗಿದೆ ಅನ್ನೋರು ಆ ವಿಡಿಯೋ ಒಮ್ಮೆ ಹುಡುಕಿ ನೋಡಲಿ.

ಮುಂದಿನ ವರ್ಷ ನಮ್ಮ ಹುಡುಗರು ಗೆದ್ದೇ ಬಿಟ್ಟರು. ಮಾರ್ಚ್ 4, 2023, ಮೇಘಾಲಯ ವಿರುದ್ಧ 3-2. ಹಾಫ್ ಟೈಮ್‌ಗೆ ಸ್ವಲ್ಪ ಮೊದಲು ರಾಬಿನ್ ಯಾದವ್ ಹೊಡೆದ ಫ್ರೀ ಕಿಕ್ ಇದೆಯಲ್ಲ, ಅದನ್ನು ಎಷ್ಟು ಸಲ ಬೇಕಾದರೂ ನೋಡಬಹುದು. ಆದರೆ ಫೈನಲ್ ಇಟ್ಟದ್ದು ಎಲ್ಲಿ? ಸೌದಿಯ ರಿಯಾದ್‌ನಲ್ಲಿ! ಅಷ್ಟು ದೊಡ್ಡ ಸ್ಟೇಡಿಯಂ, ಅದರಲ್ಲಿ ಬಹುತೇಕ ಖಾಲಿ ಕುರ್ಚಿಗಳು. ಟೂರ್ನಿಗೆ ಅಂತಾರಾಷ್ಟ್ರೀಯ ಮೆರುಗು ಕೊಡ್ತೀವಿ ಅನ್ನೋದೆಲ್ಲ ಸುಮ್ನೆ ಮಾತು. ಬೆಂಗಳೂರಿನ ಗೌತಮಪುರದ, ಆಸ್ಟಿನ್ ಟೌನ್‌ನ, ಮರ್ಫಿ ಟೌನ್‌ನ ಒಬ್ಬ ಹುಡುಗ ವೀಸಾ ಮಾಡಿಸಿಕೊಂಡು ಫೈನಲ್ ನೋಡೋಕೆ ಹೋಗ್ತಾನಾ?

ಕ್ಲಬ್‌ಗಳ ಟೂರ್ನಿ ಐಎಸ್ಎಲ್ (ಇಂಡಿಯನ್ ಸೂಪರ್ ಲೀಗ್) ಬಂದ ಮೇಲೆ ದೊಡ್ಡ ಹೆಸರಿನವರು ಇಲ್ಲಿ ಆಡೋದಿಲ್ಲ, ಸರಿ. ಅದಕ್ಕೇ ನಾನು ಹೇಳ್ತಿರೋದು, ಉಳಿದ ಹುಡುಗರಿಗೆ ಊರ ಜನರ ಕೂಗಾದರೂ ಸಿಗಬೇಕು ಅಲ್ವಾ? ಕ್ರೀಡಾ ಕೋಟಾದಲ್ಲಿ ಒಂದು ಕೆಲಸ ಸಿಗಲಿ ಅಂತ ಆಡುವವರು ಎಷ್ಟೋ ಜನ. ಅವರ ಅಮ್ಮ ಅಪ್ಪ ಬಸ್ ಹತ್ತಿ ಬಂದು ನೋಡುವಷ್ಟು ಹತ್ತಿರ ಇರಲಿ ಮ್ಯಾಚು. ಬೆಂಗಳೂರಿನ ಅಶೋಕನಗರದ ಫುಟ್ಬಾಲ್ ಸ್ಟೇಡಿಯಂನಲ್ಲಿ ಒಂದು ಫೈನಲ್ ಇಡಿ, ನಾನಂತೂ ಟಿಕೆಟ್ ಕೊಂಡು ಬರ್ತೀನಿ.

ನಿಮ್ಮ ಮನೆಯಲ್ಲಿ ಅಪ್ಪನೋ ತಾತನೋ 1968-69ರ ಆ ಫೈನಲ್ ನೋಡಿದ್ದರೆ ಅವರನ್ನು ಕೇಳಿ ಕೆಳಗೆ ಬರೆಯಿರಿ. ಸ್ಕೋರು ಬೇಡ, 1-0 ಅಂತ ಗೊತ್ತು. ಜನ ಹೇಗಿದ್ದರು, ಗೋಲು ಹೇಗೆ ಬಂತು ಅಂತ ಹೇಳಿ ಸಾಕು.