ಕೊಪ್ಪದ ಸೇತುವೆ ದಾಟಿದರೆ ಜಿಲ್ಲೆಯ ಆರೋಗ್ಯ ಸುಧಾರಿಸುತ್ತದೆ

ನಮ್ಮದು ಕೊಡಗು. ಹೋದ ಮಳೆಗಾಲದಲ್ಲಿ ಒಂದು ದಿನ ಬೆಳಿಗ್ಗೆ ದೊಡ್ಡಮ್ಮನಿಗೆ ಎದೆಯಲ್ಲಿ ಏನೋ ಹಿಡಿದ ಹಾಗಾಯಿತು. ಜೀಪಿಗೆ ಹತ್ತಿಸಿಕೊಂಡು ಆಸ್ಪತ್ರೆಗೆ ಓಡಿದೆವು. ಯಾವ ಆಸ್ಪತ್ರೆ ಅಂತ ಕೇಳಬೇಡಿ, ನಾಳೆ ನನಗೆ ಏನಾದರೂ ಆದರೆ ನಾನೂ ಅಲ್ಲಿಗೇ ಹೋಗಬೇಕು. ಚೀಟಿ ಮಾಡಿಸಿ ಬೆಂಚಿನ ಮೇಲೆ ಕೂತೆವು. ಮುಕ್ಕಾಲು ಗಂಟೆಯಾದರೂ ಯಾರೂ ಬರಲಿಲ್ಲ. ಆಮೇಲೆ ಒಬ್ಬಳು ಬಂದಳು. ಡಾಕ್ಟರಲ್ಲ, ನರ್ಸೂ ಅಲ್ಲ. ಕೊರಳಲ್ಲಿ ಐಡಿ ಕಾರ್ಡ್, ಕೈಯಲ್ಲಿ ಟ್ಯಾಬ್, ಹೆಗಲ ಮೇಲೆ ಒದ್ದೆ ಕೊಡೆ.

"ಅಜ್ಜಿ, ಒಂದು ಸಂಶೋಧನೆ ಮಾಡ್ತಾ ಇದ್ದೇವೆ. ಆಸ್ಪತ್ರೆಯಲ್ಲಿ ಜನ ಎಷ್ಟು ಹೊತ್ತು ಕಾಯ್ತಾರೆ ಅಂತ. ಇಪ್ಪತ್ತೇ ನಿಮಿಷ ಸಾಕು."

ಅಂದರೆ ಕಾಯುವ ಹೊತ್ತು ಎಷ್ಟು ಅಂತ ತಿಳಿಯೋಕೆ ಇನ್ನೂ ಇಪ್ಪತ್ತು ನಿಮಿಷ ಕಾಯಬೇಕು. ದೊಡ್ಡಮ್ಮನಿಗೆ ಇದರಲ್ಲಿ ತಪ್ಪೇನೂ ಕಾಣಲಿಲ್ಲ. ಅಷ್ಟು ಹೊತ್ತಿನಿಂದ ಅವಳ ಜೊತೆ ಮಾತಾಡಿದ ಮೊದಲ ಮನುಷ್ಯಳು ಇವಳೇ.

ಪ್ರಶ್ನೆ ಶುರುವಾಯಿತು. ಮನೆಯಲ್ಲಿ ಎಷ್ಟು ಜನ, ಶೌಚಾಲಯ ಇದೆಯಾ, ಹಿಂದಿನ ಸಲ ಬಂದಾಗ ಸಿಬ್ಬಂದಿ ನಿಮ್ಮನ್ನು ಗೌರವದಿಂದ ನೋಡಿದರಾ. ಕೊನೆಗೆ ಐದು ಮುಖಗಳ ಚಿತ್ರ ತೋರಿಸಿದಳು. ಅಳುವ ಮುಖದಿಂದ ನಗುವ ಮುಖದವರೆಗೆ. ನಿಮ್ಮ ಅನುಭವ ಇದರಲ್ಲಿ ಯಾವುದು? ದೊಡ್ಡಮ್ಮ ಕನ್ನಡಕ ಸರಿ ಮಾಡಿಕೊಂಡು ಐದನ್ನೂ ನೋಡಿ ನಗುವ ಮುಖವನ್ನೇ ಒತ್ತಿದಳು. ಯಾಕೆ ದೊಡ್ಡಮ್ಮ ಅಂದೆ. "ಬೇರೆಯವೆಲ್ಲ ನೋಡೋಕೆ ಚೆನ್ನಾಗಿಲ್ಲ" ಅಂದಳು. ಸರಿ, ಕೊಡಗಿನ ಖಾತೆಯಲ್ಲಿ ಇನ್ನೊಂದು ಪೂರ್ಣ ತೃಪ್ತ ರೋಗಿ ಜಮೆಯಾಯಿತು.

ಹಾಗಂತ ಸಂಶೋಧನೆಯೇ ಬೇಡ ಅನ್ನುವವನು ನಾನಲ್ಲ. 1847ರಲ್ಲಿ ವಿಯೆನ್ನಾದ ಸೆಮ್ಮೆಲ್‌ವೈಸ್ ಅನ್ನುವ ಡಾಕ್ಟರು, ಹೆಣ ಕೊಯ್ದ ಕೈಯಲ್ಲೇ ಹೆರಿಗೆ ಮಾಡಿಸಬೇಡಿ, ಕ್ಲೋರಿನ್ ನೀರಲ್ಲಿ ಕೈ ತೊಳೆಯಿರಿ ಅಂದರು. ನೂರಕ್ಕೆ ಹತ್ತರ ಮೇಲಿದ್ದ ಬಾಣಂತಿಯರ ಸಾವು ಕೆಲವೇ ತಿಂಗಳಲ್ಲಿ ಎರಡರ ಹತ್ತಿರ ಇಳಿಯಿತು. (ಆತನ ಮಾತನ್ನು ದೊಡ್ಡ ಡಾಕ್ಟರುಗಳು ಕೇಳಲಿಲ್ಲ, ಅದು ಬೇರೆ ಕತೆ. ಅಥವಾ ಅದೇ ಕತೆಯೋ ಏನೋ.) ಎಂಟು ದೇಶಗಳ ಎಂಟು ಆಸ್ಪತ್ರೆಗಳಲ್ಲಿ ಆಪರೇಷನ್‌ಗೆ ಮುಂಚೆ ಮತ್ತು ಮುಗಿದ ಮೇಲೆ ಒಂದು ಹಾಳೆಯ ಪಟ್ಟಿ ಓದಿ ಟಿಕ್ ಹಾಕಿ ನೋಡಿದರು, ಫಲಿತಾಂಶ 2009ರಲ್ಲಿ ಪ್ರಕಟವಾಯಿತು. ರೋಗಿ ಇವರೇನಾ, ಕೊಯ್ಯಬೇಕಾದ್ದು ಎಡಗಾಲೋ ಬಲಗಾಲೋ, ಇಂಥವೇ. ಸಾವು ನೂರಕ್ಕೆ 1.5ರಿಂದ 0.8ಕ್ಕೆ ಬಂತು. ಖರ್ಚು ಒಂದು ಹಾಳೆ, ಒಂದು ಪೆನ್ನು. ಇಂಥ ಸಂಶೋಧನೆಗೆ ನಮ್ಮ ತೋಟದ ಕಾಫಿಯನ್ನೇ ಪುಕ್ಕಟೆ ಕಳಿಸಿಕೊಡ್ತೇನೆ.

ತಕರಾರು ಇರೋದು ಇನ್ನೊಂದು ಬಗೆಯ ಸಂಶೋಧನೆಯ ಮೇಲೆ. ಅದರಲ್ಲಿ ಗುಣವಾಗೋದು ರೋಗಿ ಅಲ್ಲ, ಅಂಕಿ. ಇದು ನಾವು ಕಂಡುಹಿಡಿದದ್ದಲ್ಲ, ಆ ಹೆಮ್ಮೆ ನಮಗೆ ಬೇಡ. ಇಂಗ್ಲೆಂಡಿನಲ್ಲಿ ತುರ್ತು ವಿಭಾಗಕ್ಕೆ ಬಂದವರನ್ನು ನಾಲ್ಕು ಗಂಟೆಯೊಳಗೆ ವಿಲೇವಾರಿ ಮಾಡಬೇಕು ಅಂತ ಸರ್ಕಾರ ಗುರಿ ಇಟ್ಟಿತು. ಗಡಿಯಾರ ಓಡೋದು ರೋಗಿಯನ್ನು ಒಳಗೆ ತಗೊಂಡ ಮೇಲೆ ತಾನೇ? ಕೆಲವು ಕಡೆ ರೋಗಿಗಳನ್ನು ಆಸ್ಪತ್ರೆಯ ಹೊರಗೆ ಆಂಬುಲೆನ್ಸಿನಲ್ಲೇ ಕೂರಿಸಿದರು. ನ್ಯೂಯಾರ್ಕಿನಲ್ಲಿ 1990ರ ದಶಕದಲ್ಲಿ ಹೃದಯದ ಆಪರೇಷನ್ ಮಾಡೋ ಡಾಕ್ಟರುಗಳ ಹೆಸರಿನ ಮುಂದೆ ಎಷ್ಟು ರೋಗಿಗಳು ಸತ್ತರು ಅಂತ ಪ್ರಕಟಿಸಲು ಶುರು ಮಾಡಿದರು. ತೀರಾ ಕೆಟ್ಟ ಸ್ಥಿತಿಯಲ್ಲಿದ್ದವರನ್ನು ಮುಟ್ಟೋಕೇ ಕೆಲವರು ಹಿಂಜರಿದರು ಅಂತ ಆಮೇಲೆ ಬಂದ ಅಧ್ಯಯನಗಳು ಹೇಳಿದವು. ಸಾಯೋರನ್ನು ಮುಟ್ಟದಿದ್ದರೆ ಯಾರೂ ಸಾಯೋದಿಲ್ಲ, ಅಲ್ವಾ?

ಅವರು ಇಷ್ಟೆಲ್ಲ ಒದ್ದಾಡಿದ್ದು ಅವರಲ್ಲಿ ಕೊಪ್ಪದ ಸೇತುವೆ ಇಲ್ಲದ್ದಕ್ಕೆ. ಕುಶಾಲನಗರ ಬಿಟ್ಟು ಕಾವೇರಿ ದಾಟಿದರೆ ಕೊಪ್ಪ. ಅಲ್ಲಿಂದ ಮೈಸೂರು ಜಿಲ್ಲೆ. ಹೊಳೆಯ ಈ ಕಡೆ ಉಸಿರಿದ್ದರೆ ಸಾಕು, ಆ ಕಡೆ ಆದದ್ದು ನಮ್ಮ ಲೆಕ್ಕಕ್ಕೆ ಬರೋದಿಲ್ಲ. ಕೊಡಗಿನಲ್ಲಿ ಹುಟ್ಟಿದ ಪ್ರತಿಯೊಬ್ಬರಿಗೂ ಗೊತ್ತಿರೋ ಒಂದು ವಾಕ್ಯ ಇದೆ, "ಮೈಸೂರಿಗೆ ಬರೆದುಕೊಟ್ಟರು." ತಲೆಗೆ ಪೆಟ್ಟಾದರೆ ಮೈಸೂರಿಗೆ, ಹೃದಯ ಅಂದರೆ ಮೈಸೂರಿಗೆ, ಆನೆ ತುಳಿದು ಮೂಳೆ ಪುಡಿಯಾದರೂ ಮೈಸೂರಿಗೆ. ಮಡಿಕೇರಿಯವರು ಮಂಗಳೂರಿಗೂ ಹೋಗಬಹುದು, ಸಂಪಾಜೆ ಘಾಟಿ ಗುಡ್ಡದ ಜೊತೆ ಕೆಳಗೆ ಬಂದಿರದಿದ್ದರೆ. 2018ರ ಆಗಸ್ಟಿನಲ್ಲಿ ಬಂದಿತ್ತು. ವಿರಾಜಪೇಟೆಯವರಿಗೆ ಮಾಕುಟ್ಟ ಘಾಟಿ ಇಳಿದು ಕೇರಳದ ಕಣ್ಣೂರು. ಆರೋಗ್ಯದ ವಿಷಯದಲ್ಲಿ ನಾವು ಮೂರು ದಿಕ್ಕಿಗೂ ಬಾಗಿಲು ತೆರೆದಿಟ್ಟ ಮನೆ. ಒಳಗೆ ಮಾತ್ರ ಯಾರೂ ಇಲ್ಲ.

ಸುಮ್ನೆ ಹೇಳಬಾರದು, 2016ರಿಂದ ಮಡಿಕೇರಿಯಲ್ಲಿ ಮೆಡಿಕಲ್ ಕಾಲೇಜೂ ಇದೆ. ಆದರೂ 2019ರ ಜೂನಿನಲ್ಲಿ ಜನ ಫೋನ್ ಎತ್ತಿಕೊಂಡು ಕೊಡಗಿಗೆ ತುರ್ತು ಚಿಕಿತ್ಸೆಯ ಆಸ್ಪತ್ರೆ ಬೇಕು ಅಂತ ಹ್ಯಾಶ್‌ಟ್ಯಾಗ್ ಓಡಿಸಿದರು. ಎಂಥಾ ಓಟ ಅಂತೀರಿ. ಸಿನಿಮಾದವರು, ಆಟಗಾರರು ಎಲ್ಲ ಹಂಚಿಕೊಂಡರು, ಮುಖ್ಯಮಂತ್ರಿಗಳವರೆಗೂ ಮುಟ್ಟಿತು. ನಮ್ಮ ಯಾವ ಆಂಬುಲೆನ್ಸೂ ಆ ಹ್ಯಾಶ್‌ಟ್ಯಾಗಿನಷ್ಟು ಬೇಗ ಬೆಂಗಳೂರು ಮುಟ್ಟಿಲ್ಲ.

ಈಗ ಖರ್ಚಿನ ಮಾತು. ಇದರ ಮೇಲೂ ಸಂಶೋಧನೆ ಜೋರು. ಆಯುಷ್ಮಾನ್ ಕಾರ್ಡ್ ಇದೆ, ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ. ಎಪಿಎಲ್ ಆದರೆ ಪ್ಯಾಕೇಜಿನ, ಅಂದರೆ ಆ ಚಿಕಿತ್ಸೆಗೆ ಸರ್ಕಾರ ಕಟ್ಟಿದ ದರದ, ನೂರಕ್ಕೆ 30, ಅದೂ ಒಂದೂವರೆ ಲಕ್ಷದವರೆಗೆ. ನಾಲ್ಕು ಎಕರೆ ಕಾಫಿ ಇರೋ ನಮ್ಮಂಥವರು ಎಪಿಎಲ್. ಬೆರ್ರಿ ಬೋರರ್ ಹುಳು ತಿಂದು ಬಿಟ್ಟದ್ದನ್ನು ಮಳೆ ಉದುರಿಸಿ, ಮಳೆ ಬಿಟ್ಟದ್ದನ್ನು ಮಂಗ ಕಿತ್ತು, ಉಳಿದದ್ದರಲ್ಲಿ ನಾವು ಬಡತನದ ಗೆರೆಗಿಂತ ಮೇಲೆ. ಹೋಗಲಿ ಬಿಡಿ, ಕಾರ್ಡಿನಲ್ಲಿ ಆಪರೇಷನ್ ಬರುತ್ತದೆ ಅಂತಲೇ ಇಟ್ಟುಕೊಳ್ಳಿ. ಮಡಿಕೇರಿಯಿಂದ ಮೈಸೂರಿಗೆ 120 ಕಿಲೋಮೀಟರ್ ಟ್ಯಾಕ್ಸಿ ಯಾವ ಪ್ಯಾಕೇಜ್? ಜೊತೆಗೆ ಹೊರಡೋ ಚಿಕ್ಕಪ್ಪ, ಹುಣಸೂರಿನಲ್ಲಿ ಅವರು ತಿನ್ನೋ ಎರಡು ಮಸಾಲೆ ದೋಸೆ, ವಾರ್ಡಿನ ಹೊರಗೆ ಮಲಗೋಕೆ ಚಾಪೆ, ಮನೆಯಲ್ಲಿ ದನಕ್ಕೆ ಹುಲ್ಲು ಹಾಕೋ ಆಳಿನ ಕೂಲಿ, ಇವು ಯಾವ ಪ್ಯಾಕೇಜ್? ಟ್ಯಾಬಿನಲ್ಲಿ "ಇತರೆ" ಅಂತ ಒಂದು ಕಾಲಂ ಇತ್ತು. ನಾನು ಒಂದೊಂದಾಗಿ ಹೇಳುತ್ತಾ ಹೋದೆ. ಅದರಲ್ಲಿ ಐದಂಕಿಗಿಂತ ಜಾಸ್ತಿ ಹಿಡಿಯೋದಿಲ್ಲ ಅಂತ ಹುಡುಗಿ ಮೆಲ್ಲಗೆ ಹೇಳಿದಳು.

ದೊಡ್ಡಮ್ಮನಿಗೆ 14 ಅಂಕಿಯ ಆರೋಗ್ಯ ಸಂಖ್ಯೆಯೂ ಇದೆ. ದೇಶದ ಯಾವ ಮೂಲೆಗೆ ಹೋದರೂ ಅವಳ ದಾಖಲೆ ತೆರೆದುಕೊಳ್ಳುತ್ತದಂತೆ. ಒಟಿಪಿ ಬಂದರೆ. ನಮ್ಮ ಮನೆಯಲ್ಲಿ ಒಟಿಪಿ ಬರೋದು ಬಾಣೆಯ ಮೇಲಿನ ಹಲಸಿನ ಮರದ ಬುಡಕ್ಕೆ, ಅದೂ ಮಳೆ ನಿಂತ ಮೇಲೆ. ಎದೆನೋವು ಬಂದವರು ಮೊದಲು ಆ ಗುಡ್ಡ ಹತ್ತಬೇಕು. ಹತ್ತಿ ಬದುಕಿದರೆ ಹೃದಯ ಚೆನ್ನಾಗಿದೆ ಅಂತ ಅರ್ಥ, ಪರೀಕ್ಷೆಯ ಖರ್ಚೂ ಉಳಿಯಿತು.

1971ರಲ್ಲಿ ಜೂಲಿಯನ್ ಟ್ಯೂಡರ್ ಹಾರ್ಟ್ ಅನ್ನುವ ಡಾಕ್ಟರು ಒಂದು ನಿಯಮ ಬರೆದರು. ವೇಲ್ಸಿನ ಕಲ್ಲಿದ್ದಲು ಗಣಿಯ ಹಳ್ಳಿಯಲ್ಲಿ ಇದ್ದವರು. ಒಳ್ಳೆ ವೈದ್ಯಸೇವೆ ಎಲ್ಲಿ ಜಾಸ್ತಿ ಬೇಕೋ ಅಲ್ಲೇ ಕಮ್ಮಿ ಸಿಗುತ್ತದೆ ಅಂತ. ಅವರಿಗೆ ಗಣಿ, ನಮಗೆ ತೋಟದ ಕೂಲಿಯವರ ಲೈನ್‌ಮನೆ. ಗುಡ್ಡಗಾಡಿನಲ್ಲಿ 20,000 ಜನಕ್ಕೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ ಇರಬೇಕು, ಬಯಲಿನಲ್ಲಿ 30,000ಕ್ಕೆ ಒಂದು, ಅನ್ನೋದು ಸರ್ಕಾರದ ಲೆಕ್ಕ. ತಲೆ ಎಣಿಸಿದ್ದಾರೆ, ರಸ್ತೆಯ ತಿರುವು ಎಣಿಸಿಲ್ಲ. 2011ರ ಜನಗಣತಿಯಲ್ಲಿ ನಾವು ಐದೂವರೆ ಲಕ್ಷ ಜನ, ಜಾಗ 4,102 ಚದರ ಕಿಲೋಮೀಟರ್. ಈ ಲೆಕ್ಕದಲ್ಲಿ 20,000 ಜನ ಒಟ್ಟಾಗಬೇಕಾದರೆ ಎರಡು ಹೊಳೆ, ಒಂದು ಆನೆ ದಾರಿ ದಾಟಬೇಕು.

ಆದರೆ ನಮ್ಮಲ್ಲಿ ಒಂದು ಆರೋಗ್ಯ ಸೇವೆ ಮಾತ್ರ ಯಾವ ಸುಧಾರಣೆಯೂ ಇಲ್ಲದೆ ನಡೆದುಕೊಂಡು ಬಂದಿದೆ. ಆಟಿ ಹದಿನೆಂಟು, ಕೊಡವರು ಕಕ್ಕಡ ಹದಿನೆಂಟು ಅಂತಾರೆ. ಆಗಸ್ಟ್ 3ರ ಹೊತ್ತಿಗೆ ಬರುತ್ತದೆ. ಆ ದಿನ ಮದ್ದುಸೊಪ್ಪಿನಲ್ಲಿ ಹದಿನೆಂಟು ಬಗೆಯ ಔಷಧಿ ಸೇರಿರುತ್ತದೆ ಅನ್ನೋದು ನಂಬಿಕೆ. ಬೇಲಿಯಿಂದ ಕಿತ್ತು, ಕುದಿಸಿ, ಆ ನೇರಳೆ ನೀರಲ್ಲಿ ಪಾಯಸ ಮಾಡಿ ತಿನ್ನುತ್ತೇವೆ. ಗುಣ ಎಷ್ಟೋ ಏನೋ, ಡಾಕ್ಟರುಗಳೇ ಹೇಳಲಿ. ನಾನು ನೋಡೋದು ಆಡಳಿತವನ್ನು. ಹದಿನೆಂಟು ಔಷಧಿಯೂ ಒಂದೇ ದಿನ ಸ್ಟಾಕ್ ಇರೋ ಜಾಗ ಜಿಲ್ಲೆಯಲ್ಲಿ ನಮ್ಮ ಬೇಲಿ ಒಂದೇ. ಟೋಕನ್ ಇಲ್ಲ, ಆಧಾರ್ ಇಲ್ಲ. ಫಲಿತಾಂಶಕ್ಕೂ ಸಮೀಕ್ಷೆ ಬೇಡ. ಮರುದಿನ ಬೆಳಿಗ್ಗೆ ಬಚ್ಚಲಿಗೆ ಹೋದವರಿಗೆ ಕೆಂಪಗೆ ಕಾಣುತ್ತದೆ. ಔಷಧಿ ರೋಗಿಗೆ ತಲುಪಿದ್ದಕ್ಕೆ ಇಷ್ಟು ಗಟ್ಟಿ ಸಾಕ್ಷಿ ಇರೋ ಇನ್ನೊಂದು ಸರ್ಕಾರಿ ಯೋಜನೆ ಇದ್ದರೆ ತೋರಿಸಿ.

ಬೆಂಚಿನ ಹತ್ತಿರ ವಾಪಸ್ ಬರೋಣ. ನಲವತ್ತನೇ ಪ್ರಶ್ನೆಯ ಹೊತ್ತಿಗೆ ಹುಡುಗಿ ಒಂದು ಕಾಲಿನಿಂದ ಇನ್ನೊಂದು ಕಾಲು ಕೆರೆದುಕೊಳ್ಳುತ್ತಾ ನಿಂತಿದ್ದಳು. ದೊಡ್ಡಮ್ಮ ಬಗ್ಗಿ ನೋಡಿದಳು. ಚಪ್ಪಲಿಯ ಬಾರಿನ ಪಕ್ಕ, ಹಿಮ್ಮಡಿಯ ಮೇಲೆ ದ್ರಾಕ್ಷಿ ಗಾತ್ರಕ್ಕೆ ಉಬ್ಬಿದ ಜಿಗಣೆ. ಹುಡುಗಿ ಕಿರುಚಿದಳು. ಎದೆನೋವಿನ ರೋಗಿ ಸೊಂಟದ ಸಂಚಿ ಬಿಚ್ಚಿ, ಸುಣ್ಣದ ಡಬ್ಬಿ ತೆಗೆದು, ಬೆರಳ ತುದಿಯಲ್ಲಿ ಚೂರು ಸುಣ್ಣ ಮುಟ್ಟಿಸಿದಳು. ಜಿಗಣೆ ಸುರುಳಿ ಸುತ್ತಿ ಬಿತ್ತು. ಕಾಯುವ ಹೊತ್ತು ಹತ್ತು ಸೆಕೆಂಡ್, ವೆಚ್ಚ ಒಂದು ಚಿಟಿಕೆ ಸುಣ್ಣ.

ರಕ್ತ ಮಾತ್ರ ನಿಲ್ಲಲಿಲ್ಲ, ಜಿಗಣೆ ಕಚ್ಚಿದರೆ ಹಾಗೇ. ಅಷ್ಟರಲ್ಲಿ ನಮ್ಮನ್ನು ಒಳಗೆ ಕರೆದರು. ಇಸಿಜಿ ತೆಗೆದರು, ಆ ಕಾಗದವನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು, ಮೈಸೂರಿಗೆ ಬರೆದುಕೊಟ್ಟರು. (ದೊಡ್ಡಮ್ಮ ಈಗ ಆರಾಮಾಗಿದ್ದಾಳೆ, ಎರಡು ಮಾತ್ರೆ ಜಾಸ್ತಿಯಾಗಿದೆ, ಅಷ್ಟೆ.) ಹೊರಗೆ ಬರುವಾಗ ಹುಡುಗಿ ಔಷಧಿ ಕೊಡೋ ಕಿಟಕಿಯ ಮುಂದೆ ಸಾಲಿನಲ್ಲಿ ನಿಂತಿದ್ದಳು. ಟ್ಯಾಬ್ ಕಂಕುಳಲ್ಲಿ, ಕರ್ಚೀಫು ಹಿಮ್ಮಡಿಯಲ್ಲಿ.

"ಒಂದು ಬ್ಯಾಂಡೇಜ್ ಬೇಕಿತ್ತು ಸರ್."

"ಇಲ್ಲ ಮೇಡಂ, ಹೊರಗಡೆ ತಗೊಳ್ಳಿ."

ದೊಡ್ಡಮ್ಮ ಜೀಪು ಹತ್ತುವ ಮೊದಲು ಅವಳ ಕಡೆ ತಿರುಗಿ, ಆ ಮುಖದ ಚಿತ್ರ ನೀನೂ ಒಂದು ಒತ್ತಿಬಿಡು ಮಗಾ ಅಂದಳು.